ದೇವರು ಒಪ್ಪದ ನೀರು

“ಊರಿಗೆ ಒಳ್ಳೇದು ಮಾಡೋದು ಅಂದ್ರೆ ಎತ್ತಿಗೆ ಬಿದಿರು ಗೊಟ್ಟದಲ್ಲಿ ಔಷಧಿ ಕುಡಿಸಿದಂಗೆ ಕಣಪ್ಪ. ಅರ್ಧ ಅದರ ಹೊಟ್ಟೆಗೆ, ಅರ್ಧ ನಿನ್ನ ಮೈಮೇಲೆ.”

ಈ ಮಾತನ್ನೂ ಇದರ ಬೆನ್ನಿಗಿರುವ ಮೊದಲನೆಯ ಕಥೆಯನ್ನೂ ನನಗೆ ಹೇಳಿದವರು ಹಾಲ್ಕುರಿಕೆ ಕಡೆಯ ನಮ್ಮ ಸೋದರಮಾವ. ಹೇಳಿದಾಗ ನಾನು ನಕ್ಕಿದ್ದೆ. ಆಮೇಲೆ ನಮ್ಮೂರ ಪಂಚಾಯ್ತಿಗೆ ನನ್ನನ್ನೇ ಮೆಂಬರು ಮಾಡಿದರು. ನನ್ನಲ್ಲಿ ಅಂಥ ಯೋಗ್ಯತೆಯೇನೂ ಇರಲಿಲ್ಲ. ಯಾರಾಗುತ್ತೀರಿ ಎಂದು ಸಭೆಯಲ್ಲಿ ಕೇಳಿದಾಗ ಉಳಿದವರೆಲ್ಲ ತೋಟಕ್ಕೆ ಹೊತ್ತಾಯಿತೆಂದು ಎದ್ದರು, ನನಗೆ ಏಳುವುದು ತಡವಾಯಿತು, ಅಷ್ಟೆ. ಅಲ್ಲಿಂದ ಮುಂದೆ ಇಂಥ ಪ್ರಸಂಗಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಲೇ ಇವೆ. ಸರ್ಕಾರ ಇರುವ ತನಕ, ನಮ್ಮ ಕಡೆಯ ಜನಕ್ಕೆ ದೈವಭಕ್ತಿ ಇರುವ ತನಕ ಇವು ನಿಲ್ಲುವ ಲಕ್ಷಣವಿಲ್ಲ. ನಾನೂ ಭಕ್ತರ ಪೈಕಿಯವನೇ ಆದ್ದರಿಂದ ಬೇರೆಯವರನ್ನು ಬಯ್ಯುವ ಹಾಗೂ ಇಲ್ಲ.

ಪುಡಿ ಮತ್ತು ಗಂಜಲ

ಮಾವನ ಊರಿನಲ್ಲಿ ಒಂದು ವರ್ಷ ವಾಂತಿಭೇದಿ ಕಾಣಿಸಿಕೊಂಡಿತಂತೆ. ತಿಪಟೂರಿನಿಂದ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ ತುಳಿದುಕೊಂಡು ಬಂದರು. ಕ್ಯಾರಿಯರಿನಲ್ಲಿದ್ದ ಬ್ಲೀಚಿಂಗ್ ಪುಡಿಯನ್ನು ಊರ ಬಾವಿಗೆ ಸುರಿದು, “ನಾಳೆಯಿಂದ ಧೈರ್ಯವಾಗಿ ಕುಡೀರಿ” ಎಂದು ಹೇಳಿ ಹೋದರು.

ಬೆಳಿಗ್ಗೆ ಹೆಂಗಸರು ನೀರು ಸೇದಿದರೆ ಘಾಟು. ಅದನ್ನು ದೇವರ ಮುಂದೆ ಇಡುವ ಹಾಗಿಲ್ಲ. ಹಿರಿಯರು ಬಾವಿಯ ಕಟ್ಟೆಯ ಮೇಲೆ ಕೂತು ಯೋಚನೆ ಮಾಡಿ, ಬಾವಿ ಮೈಲಿಗೆಯಾಗಿದೆ ಎಂದು ತೀರ್ಮಾನಿಸಿದರು. ಮೈಲಿಗೆಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ತಂಬಿಗೆ ಗಂಜಲ ತಂದು ಬಾವಿಗೆ ಹಾಕಿದರು.

ಇನ್ಸ್‌ಪೆಕ್ಟರು ಮತ್ತೆ ಬಂದು ಕೇಳಿದರು. “ಏನ್ರೀ, ನೀರು ಹೆಂಗಿದೆ?”

“ಈಗ ಶುದ್ಧವಾಗೈತೆ ಸ್ವಾಮಿ.”

“ನಾನು ಹೇಳಿರಲಿಲ್ವಾ?”

“ನೀವು ಹೋದ ಮ್ಯಾಲೆ ಗಂಜಲ ಹಾಕಿದೋ. ಅದಕ್ಕೇ.”

ಇನ್ಸ್‌ಪೆಕ್ಟರು ಮುಖ ಕಹಿ ಮಾಡಿಕೊಂಡು, ಹೋದ ಸಲಕ್ಕಿಂತ ಜಾಸ್ತಿ ಪುಡಿ ಸುರಿದರು. ಹಿರಿಯರು ಹೋದ ಸಲಕ್ಕಿಂತ ಜಾಸ್ತಿ ಗಂಜಲ ಸುರಿದರು. ಬೇಸಗೆಯೆಲ್ಲ ಹೀಗೇ ನಡೆಯಿತು. ಮಳೆಗಾಲದ ಹೊತ್ತಿಗೆ ಕಾಯಿಲೆ ನಿಂತಿತು. ಪುಡಿಯಿಂದ ನಿಂತಿತು ಎಂದು ಇನ್ಸ್‌ಪೆಕ್ಟರು ಮೇಲಕ್ಕೆ ತಿಳಿಸಿದರು. ಗಂಜಲದಿಂದ ನಿಂತಿತು ಎಂದು ಊರವರು ದೇವರಿಗೆ ಹಣ್ಣುಕಾಯಿ ಮಾಡಿಸಿದರು.

“ಇಬ್ಬರೂ ಸುರಿದದ್ದನ್ನ ಕುಡಿದೋರು ನಾವು” ಎಂದರು ಮಾವ. “ನಮ್ಮನ್ನ ಮಾತ್ರ ಯಾರೂ ಕೇಳಲಿಲ್ಲ.”

ಡಾಕ್ಟರು ಸೋತದ್ದು

ನಮ್ಮೂರಲ್ಲಿ ಕುಡಿಯುವ ನೀರಿಗೆ ಇದ್ದದ್ದು ಈಶ್ವರನ ಗುಡಿಯ ಮುಂದಿನ ಕಲ್ಯಾಣಿ. ಹಿಂದಿನವರು ಕಲ್ಲಿನಲ್ಲಿ ಮೆಟ್ಟಿಲು ಕಟ್ಟಿಸಿದ್ದು. ಮಳೆಗಾಲದಲ್ಲಿ ನೋಡಿದರೆ ಕಣ್ಣು ತಂಪಾಗಬೇಕು. ಶಿವರಾತ್ರಿ ಕಳೆದ ಮೇಲೆ ನೋಡಿದರೆ ಹಸಿರು ಬಟ್ಟೆ ಹಾಸಿದ ಹಾಗೆ ಪಾಚಿ. ಒಂದು ಮೂಲೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಹಗ್ಗ ಹೊಸೆಯಲು ತೆಂಗಿನ ಮಟ್ಟೆ ನೆನೆಹಾಕುತ್ತಿದ್ದರು. ಕೊಳೆತ ಮಟ್ಟೆಯ ವಾಸನೆ ಬಸ್ಸಿನಿಂದ ಇಳಿದ ಕೂಡಲೇ ನಮ್ಮೂರು ಬಂತೆಂದು ಹೇಳುತ್ತಿತ್ತು. ಉಳಿದ ಎರಡು ಮೂಲೆಗಳಲ್ಲಿ ನಾವು ಬಿಂದಿಗೆ ತುಂಬುತ್ತಿದ್ದೆವು.

ಒಂದು ಬೇಸಗೆ ನನ್ನ ಹೆಂಡತಿಗೆ ಭೇದಿ ಹಿಡಿಯಿತು. ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಕರೆದರೆ ಓಗೊಡದ ಹಾಗಾದಳು. ಗಾಡಿ ಕಟ್ಟಿಕೊಂಡು ತಿಪಟೂರಿಗೆ ಸಾಗಿಸಿದೆ. ಬಾಟಲಿಯ ಮೇಲೆ ಬಾಟಲಿ ಗ್ಲೂಕೋಸು ಏರಿಸಿ ಅಂತೂ ಉಳಿಸಿಕೊಟ್ಟರು. ಹೊರಡುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ನೋಡ್ರೀ, ಈ ದೇಹಕ್ಕೆ ಇನ್ನೊಂದು ಸಲ ತಡೆಯೋ ಶಕ್ತಿ ಇಲ್ಲ. ಕಲ್ಯಾಣಿ ನೀರು ಮುಟ್ಟಿಸಬೇಡಿ. ಮುಟ್ಟಿಸಿದ್ರೆ ಕಾಯಿಸಿ ಕೊಡಿ” ಎಂದರು. ಆಮೇಲೆ ಅವಳಿಗೂ ಹೇಳಿದರು.

“ಇನ್ನುಮೇಲೆ ನೀರು ಕಾಯಿಸಿ ಕುಡೀಬೇಕಮ್ಮ.”

ನನ್ನ ಹೆಂಡತಿ ಲಿಂಗಪೂಜೆ ಆಗದೆ ಒಂದು ಗುಟುಕೂ ನುಂಗುವವಳಲ್ಲ. ಪೂಜೆಗೆಂದು ಮಡಿಯಲ್ಲಿ ತರುವ ಹೊಸ ನೀರಿಗೆ ನಮ್ಮಲ್ಲಿ ಅಗ್ಗಣಿ ಅನ್ನುತ್ತಾರೆ. ಅದನ್ನು ಲಿಂಗಕ್ಕೆ ಎರೆದು, ಅದೇ ಬಿಂದಿಗೆಯ ನೀರನ್ನು ದಿನವೆಲ್ಲ ಕುಡಿಯುವುದು ಅವಳ ನೇಮ. ಅವಳು ಮೆಲ್ಲಗೆ ಹೇಳಿದಳು. “ಕಾಯಿಸಿದ ನೀರು ದೇವರಿಗೆ ಬರಲ್ಲ ಸ್ವಾಮಿ.”

“ದೇವರಿಗಲ್ಲಮ್ಮ, ನಿಮಗೆ.”

“ದೇವರಿಗೆ ಬಾರದ್ದು ನಮಗೆ ಹೆಂಗೆ ಬತ್ತೈತೆ?”

“ಅದರಲ್ಲಿ ಕ್ರಿಮಿ ಇರುತ್ತಮ್ಮ, ಕಣ್ಣಿಗೆ ಕಾಣಲ್ಲ.”

“ದೇವರೂ ಕಣ್ಣಿಗೆ ಕಾಣಲ್ಲ ಸ್ವಾಮಿ. ಇಬ್ಬರಲ್ಲಿ ಯಾರು ದೊಡ್ಡೋರು?”

ಡಾಕ್ಟರು ನನ್ನ ಕಡೆ ತಿರುಗಿದರು. “ನೀವಾದ್ರೂ ಹೇಳ್ರೀ.”

“ನನ್ನ ಮಾತು ಕೇಳೋ ಹಾಗಿದ್ರೆ ನಿಮ್ಮ ಹತ್ರ ಯಾಕೆ ಬತ್ತಿದ್ದೆ ಸ್ವಾಮಿ” ಎಂದೆ.

ಬಸವನ ಹಿಂದೆ ಬಂದವು

ಅವಳ ನೇಮ ಬಿಡಿಸುವುದಕ್ಕಿಂತ ಕಲ್ಯಾಣಿ ಶುದ್ಧ ಮಾಡಿಸುವುದು ಸುಲಭ ಎಂದುಕೊಂಡೆ. ಪಂಚಾಯ್ತಿ ಸಭೆಯಲ್ಲಿ ವಿಷಯ ಎತ್ತಿದೆ. ಕಲ್ಯಾಣಿಗೆ ದನ ಇಳಿಸಬಾರದು, ಮಟ್ಟೆ ಹಾಕಬಾರದು, ತಪ್ಪಿದವರಿಗೆ ದಂಡ. ನನಗೇ ಆಶ್ಚರ್ಯವಾಗುವ ಹಾಗೆ ಎಲ್ಲರೂ ಒಪ್ಪಿದರು. ಚೇರ್ಮನ್ನರಂತೂ, “ಗಂಗಮ್ಮನ್ನ ಗಲೀಜು ಮಾಡೋನು ಮನುಷ್ಯನೇ ಅಲ್ಲ” ಎಂದು ಮೇಜು ಕುಟ್ಟಿದರು. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು. ನಮ್ಮೂರಲ್ಲಿ ಎಲ್ಲರೂ ಒಪ್ಪಿದ ಕೆಲಸ ಇವತ್ತಿನವರೆಗೂ ನಡೆದಿಲ್ಲ.

ಮಾರನೆಯ ದಿನ ನೋಡಿದರೆ ನೀರಿನಲ್ಲಿ ಒಂದು ದೊಡ್ಡ ಎತ್ತು ಆರಾಮಾಗಿ ಕುತ್ತಿಗೆಯವರೆಗೆ ಮುಳುಗಿ ನಿಂತಿದೆ. ದೇವರಿಗೆ ಬಿಟ್ಟ ಬಸವ. ಹರಕೆ ಹೊತ್ತು ಬಿಟ್ಟವರು ಚೇರ್ಮನ್ನರ ಮನೆಯವರೇ. ಯಾರ ಹೊಲದಲ್ಲಿ ಮೇಯ್ದರೂ ಅದನ್ನು ಗದರುವ ಹಾಗಿಲ್ಲ. ಮೇಯ್ದದ್ದು ಪುಣ್ಯ ಅಂದುಕೊಳ್ಳಬೇಕು. ಬಸವನಿಗೆ ದಂಡ ಹಾಕುವುದು ಹೇಗೆ? ಹಾಕಿದರೆ ಕೊಡುವವರು ಯಾರು, ಈಶ್ವರನೋ ಚೇರ್ಮನ್ನರೋ?

ನಾನು ಮೆಟ್ಟಿಲ ಮೇಲೆ ನಿಂತು ಯೋಚಿಸುತ್ತಿರುವಾಗಲೇ ಹಿಂದಿನಿಂದ ಎಮ್ಮೆ, ಹಸು, ಕರುಗಳು ಸಾಲಾಗಿ ಇಳಿದವು. ಅವುಗಳ ಹಿಂದೆ ಪಕ್ಕದ ಮನೆಯವನು ಬೆತ್ತ ಹಿಡಿದು ನಿಂತಿದ್ದ.

“ಏನ್ಲಾ, ನೆನ್ನೆ ಸಭೇಲಿ ನೀನೂ ಕೈ ಎತ್ತಿದೆಯಲ್ಲ” ಎಂದೆ.

“ಎತ್ತಿದ್ದೆ ಕಣಣ್ಣ. ನಾನೆಲ್ಲಿ ಇಳಿಸಿದೆ? ಬಸವಣ್ಣ ಮುಂದೆ ಹೋದ, ಇವು ಹಿಂದೆ ಹೋದೋ. ಮೂಕ ಪ್ರಾಣಿಗಿರೋ ಭಕ್ತಿ ನಮಗೆ ಇಲ್ವಲ್ಲ ಅಂತ ನಾನೇ ನಾಚ್ಕೊಂಡು ನಿಂತಿದೀನಿ.”

ಎಮ್ಮೆ ಚರ್ಮ

ಕಲ್ಯಾಣಿಯ ಆಸೆ ಬಿಟ್ಟು ಬೋರಿನ ಹಿಂದೆ ಬಿದ್ದೆ. ಬಿಡಿಓ ಆಫೀಸಿಗೆ ನಡೆದು ನಡೆದು ನನ್ನ ಎಕ್ಕಡದ ಹಿಮ್ಮಡಿ ಸವೆಯಿತು. ಕೊನೆಗೊಂದು ದಿನ ಲಾರಿ ಬಂತು. ಊರಿಗೂ ಕಾಲೋನಿಗೂ ನಡುವೆ, ಸ್ಕೂಲಿನ ಹತ್ತಿರ ಕೊರೆದರು. ಒಳ್ಳೆಯ ನೀರು ಬಿತ್ತು. ಕೈಪಂಪು ಕೂರಿಸುವ ಮೆಕ್ಯಾನಿಕ್ಕು ಬಂದಾಗ ಊರೆಲ್ಲ ಸೇರಿತು. ನನ್ನ ಹೆಂಡತಿ ಮಡಿಯುಟ್ಟು, ತೊಳೆದ ಬಿಂದಿಗೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಳು. ನೆಲದೊಳಗಿನ ಗಂಗೆ, ಯಾರೂ ಮುಟ್ಟದ್ದು, ಇದಕ್ಕಿಂತ ಅಗ್ಗಣಿ ಯಾವುದಿದೆ ಎಂದು ನಾನು ವಾರವೆಲ್ಲ ಹೇಳಿ ಒಪ್ಪಿಸಿದ್ದೆ. ಮನಸ್ಸು ಹಗುರವಾಗಿತ್ತು.

ಮೆಕ್ಯಾನಿಕ್ಕು ಚೀಲದಿಂದ ಒಂದೊಂದೇ ಸಾಮಾನು ತೆಗೆದು ಗೋಣಿಯ ಮೇಲೆ ಇಡುತ್ತಿದ್ದ. ಅದರಲ್ಲಿ ಬಟ್ಟಲಿನ ಆಕಾರದ ಕಪ್ಪನೆಯ ವಸ್ತು ಒಂದಿತ್ತು. ಗುಡಿಯ ಪೂಜಾರಪ್ಪನವರು ಬಗ್ಗಿ ನೋಡಿದರು.

“ಇದೇನಪ್ಪ?”

“ವಾಷರು ಸ್ವಾಮಿ. ಇದು ಒಳಗೆ ಕೂತು ನೀರು ಎತ್ತೋದು.”

“ಯಾತರದ್ದು?”

ಮೆಕ್ಯಾನಿಕ್ಕು ದೂರದ ಊರಿನವನು, ತನ್ನ ಸಾಮಾನಿನ ಮೇಲೆ ಅಭಿಮಾನವಿದ್ದವನು. “ಚರ್ಮದ್ದು. ಒಳ್ಳೇ ಎಮ್ಮೆ ಚರ್ಮ, ಸುಲಭಕ್ಕೆ ಹೋಗಲ್ಲ” ಎಂದ.

ಬಿಂದಿಗೆಗಳು ಒಂದೊಂದಾಗಿ ಸೊಂಟಕ್ಕೇರಿದವು. ಹೆಂಗಸರು ತಿರುಗಿ ಹೊರಟರು, ನನ್ನ ಹೆಂಡತಿ ಎಲ್ಲರಿಗಿಂತ ಮುಂದೆ. ಮೆಕ್ಯಾನಿಕ್ಕು ಕಂಗಾಲಾಗಿ ನನ್ನನ್ನು ಕೇಳಿದ. “ಯಾಕೆ ಸ್ವಾಮಿ, ಹಸುಂದು ಬೇಕಿತ್ತಾ?”

ನಾನು ಅವನ ಬಾಯಿ ಮುಚ್ಚಿಸಿ ಪೂಜಾರಪ್ಪನವರ ಹಿಂದೆ ಓಡಿದೆ. “ಗುಡೀಲಿ ದಿನಾ ಬಾರಿಸ್ತೀರಲ್ಲ ನಗಾರಿ, ಅದು ಯಾತರದ್ದು ಹೇಳ್ರೀ.”

“ಚರ್ಮದ್ದೇ. ಇಲ್ಲ ಅಂದ್ನಾ?”

“ಮತ್ತೆ ಅದು ದೇವರಿಗೆ ಆಗುತ್ತಲ್ಲ.”

“ನಗಾರಿನ ಕುಡಿಯಕ್ಕಾಗುತ್ತೇನ್ರೀ?” ಎಂದು ಅವರು ನಡೆದೇಬಿಟ್ಟರು.

ಚರ್ಮದ ಹಿಂದೆ ಇನ್ನೊಂದು ಮಾತೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಬೋರು ಊರಿಗೂ ಕಾಲೋನಿಗೂ ನಡುವೆ ಇತ್ತಲ್ಲ, ಅದರ ಹಿಡಿಯನ್ನು ಎಲ್ಲರ ಕೈಯೂ ಹಿಡಿಯಬೇಕಿತ್ತು. ನಮ್ಮ ಧರ್ಮದ ಹಿರಿಯರು ಇಂಥದ್ದನ್ನೆಲ್ಲ ಎಂದೋ ಬಿಟ್ಟು ನಡೆದವರು. ನಾವು ಅವರ ಪಟಕ್ಕೆ ಹೂವು ಹಾಕಿ, ಅವರು ಬಿಟ್ಟದ್ದನ್ನು ಎತ್ತಿಕೊಂಡವರು.

ಕಾಲೋನಿಯವರು ಮೊದಲ ದಿನದಿಂದಲೇ ಬೋರಿನ ನೀರು ಕುಡಿದರು. ಆ ಬೇಸಗೆ ನಮ್ಮ ಮೇಲುಬೀದಿಯಲ್ಲಿ ಮನೆಮನೆಯಲ್ಲೂ ಹೊಟ್ಟೆ ಹಿಡಿದುಕೊಂಡರು, ಕಾಲೋನಿಯಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ನಾನು ಇದನ್ನು ಚೇರ್ಮನ್ನರಿಗೆ ತೋರಿಸಿ ಹೇಳಿದೆ. ಅವರು ಹೊಟ್ಟೆ ನೀವಿಕೊಳ್ಳುತ್ತಾ, “ಅವರಿಗೆ ಒಳ್ಳೇ ನೀರು ಒಗ್ಗುತ್ತೆ ಕಣ್ರೀ. ನಮ್ಮದು ಸೂಕ್ಷ್ಮ ಶರೀರ” ಎಂದರು.

ಪಂಪಿಗೆ ವಿಭೂತಿ

ಆ ಸಲವೂ ನನ್ನ ಹೆಂಡತಿಗೆ ಒಂದು ದಿನ ಭೇದಿಯಾಯಿತು. ಸದ್ಯ, ಒಂದೇ ದಿನಕ್ಕೆ ನಿಂತಿತು. ಆದರೆ ಅವಳ ಮಗ್ಗುಲಲ್ಲಿ ಕೂತಿದ್ದ ಆ ದಿನ ನಾನು ಬೇಡಿಕೊಳ್ಳದ ದೇವರಿಲ್ಲ. ಆಸ್ಪತ್ರೆಗೆ ಬರುವುದಿಲ್ಲ ಎಂದು ಹಟ ಹಿಡಿದಳು.

“ಅಷ್ಟಕ್ಕೂ ಆ ಡಾಕ್ಟರು ಏನಂತಾರೆ, ನೀರು ಬಿಡು ಅಂತಾರೆ. ನೇಮ ಬಿಟ್ಟು ಬದುಕಿ ಏನು ಮಾಡ್ಲಿ?”

“ನನಗೆ ಅಡುಗೆ ಮಾಡು” ಎಂದೆ. ಬಾಯಿಗೆ ಬಂದದ್ದು ಅದೊಂದೇ. ಅವಳು ಗೋಡೆಯ ಕಡೆ ಮಗ್ಗುಲಾದಳು.

ಸ್ಕೂಲಿನ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು. “ನಮ್ಮ ಜನಕ್ಕೆ ವಾದ ಬೇಡ, ಪೂಜೆ ಬೇಕು. ಪಂಪಿಗೆ ಒಂದು ಪೂಜೆ ಮಾಡಿಸಿಬಿಡಿ. ದೇವರಿಗೆ ಸೇರಿದ್ದು ಅಂತಾದ್ರೆ ಮೈಲಿಗೆ ಎಲ್ಲೀದು?”

ನನಗೆ ಒಪ್ಪಿಗೆಯಾಯಿತು. ಪೂಜಾರಪ್ಪನವರನ್ನು ಹೇಗೋ ಒಪ್ಪಿಸಿದೆ. ಒಂದು ಸೋಮವಾರ ಪಂಪಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಕುತ್ತಿಗೆಯಂತಿದ್ದ ಜಾಗಕ್ಕೆ ಸೇವಂತಿಗೆ ಹಾರ. ಮಂಗಳಾರತಿಯ ಹೊತ್ತಿಗೆ ಅದು ನಿಜವಾಗಿಯೂ ಒಂದು ಕೈ ಚಾಚಿ ನಿಂತ ದೇವರ ಹಾಗೇ ಕಂಡಿತು. ಜನ ಕೈಮುಗಿದರು.

ಮಾರನೆಯ ದಿನ ಬೆಳಿಗ್ಗೆ ಹೋಗಿ ನೋಡಿದೆ. ಚಪ್ಪಲಿಗಳನ್ನೆಲ್ಲ ದೂರದಲ್ಲಿ ಬಿಟ್ಟಿದ್ದಾರೆ. ಯಾರೋ ಪಂಪಿನ ಮೂತಿಯ ಮುಂದೆ ಕಾಯಿ ಒಡೆದಿದ್ದಾರೆ. ಯಾರೋ ಹರಕೆಯ ಗಂಟೆ ಕಟ್ಟಿದ್ದಾರೆ. ಹೊಸದಾಗಿ ಮದುವೆಯಾದ ಒಂದು ಜೋಡಿ ಪ್ರದಕ್ಷಿಣೆ ಹಾಕುತ್ತಿದೆ. ನೀರು ಮಾತ್ರ ಯಾರೂ ಹಿಡಿಯುತ್ತಿಲ್ಲ. ನನ್ನ ಹೆಂಡತಿಯೂ ಬಂದಳು. ಭಕ್ತಿಯಿಂದ ಮೂರು ಸುತ್ತು ಬಂದಳು, ವಿಭೂತಿ ಹಚ್ಚಿಕೊಂಡಳು, ಬಿಂದಿಗೆ ಎತ್ತಿಕೊಂಡು ಕಲ್ಯಾಣಿಯ ಕಡೆ ಹೊರಟಳು.

“ಎಲ್ಲಿಗೇ? ಇಲ್ಲೇ ಒತ್ತಬಾರದೇನೇ?”

ಅವಳು ನನ್ನನ್ನು ಕನಿಕರದಿಂದ ನೋಡಿದಳು. “ದೇವರ ಕೈ ಹಿಡಿದು ಮೇಲಕ್ಕೂ ಕೆಳಕ್ಕೂ ಜಗ್ಗೋದಾ? ನಿಮಗೆ ವಯಸ್ಸಾದಂಗೆ ಬುದ್ಧಿ ಕಮ್ಮಿಯಾಗ್ತಾ ಐತೆ ಕಣ್ರೀ.”

ಇಷ್ಟೂ ಸಾಲದೆಂದು ಕಾಲೋನಿಯವರೂ ಎರಡು ದಿನ ಹಿಂಜರಿದು ನಿಂತರು. ಇದ್ದ ನಾಲ್ಕು ಜನ ಕುಡಿಯುವವರನ್ನೂ ಕಳೆದ ಕೀರ್ತಿ ನನ್ನದಾಗುತ್ತಿತ್ತು. ನಾನೇ ಹೋಗಿ, ಒದ್ದೆ ಬಟ್ಟೆಯಲ್ಲಿ ದೇವರನ್ನು ಒರೆಸಿ ಮತ್ತೆ ಪಂಪು ಮಾಡಿ ಬಂದೆ.

ಎಳನೀರು

ಮುಂದಿನ ಬೇಸಗೆ ಹತ್ತಿರವಾಗುತ್ತಿದ್ದ ಹಾಗೆ ನನಗೆ ನಿದ್ದೆ ಬಾರದಾಯಿತು. ಕಲ್ಯಾಣಿ ಮತ್ತೆ ಹಸಿರಾಗುತ್ತಿತ್ತು. ಕೊನೆಗೆ ಶಿವನೇ ಒಂದು ದಾರಿ ತೋರಿಸಿದ ಎಂದುಕೊಂಡೆ. ಎಳನೀರಿಗೆ ಮೈಲಿಗೆಯಿಲ್ಲ. ಅದನ್ನು ಲಿಂಗಕ್ಕೂ ಎರೆಯಬಹುದು. ಡಾಕ್ಟರೂ ಬೇಡ ಅನ್ನುವುದಿಲ್ಲ. ದಿನಾ ಬೆಳಿಗ್ಗೆ ತೋಟದಿಂದ ಎಳನೀರು ಕೀಳಿಸಿ ತಂದು ಅವಳ ಮುಂದಿಟ್ಟೆ. ಅವಳು ಸಂತೋಷವಾಗಿ ಪೂಜೆ ಮಾಡಿ, ಅದನ್ನೇ ಕುಡಿದುಕೊಂಡಿದ್ದಳು. ಮುಖದಲ್ಲಿ ಕಳೆ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಿಪಟೂರು ಸೀಮೆಯಲ್ಲಿ ಎಳನೀರು ಕೀಳುವುದೆಂದರೆ ಹಸುಗೂಸನ್ನು ತೊಟ್ಟಿಲಿನಿಂದ ಎತ್ತಿ ಮಾರಿದ ಹಾಗೆ. ಕಾಯಿ ಬಲಿಯಬೇಕು, ಅಟ್ಟ ಏರಬೇಕು, ಒಲೆಯ ಹೊಗೆಯ ಮೇಲೆ ತಿಂಗಳುಗಟ್ಟಲೆ ಕೂತು ಒಳಗೇ ಒಣಗಿ ಕೊಬ್ಬರಿಯಾಗಬೇಕು. ಬಂದ ನೆಂಟನಿಗೆ ತುಪ್ಪ ಬಡಿಸುವ ಮನೆಯಲ್ಲೂ ಎಳನೀರು ಕೊಡುವ ಪದ್ಧತಿಯಿಲ್ಲ. ಕಾಯಿಲೆಯವರಿಗೆ ಮಾತ್ರ ಕೀಳುತ್ತಾರೆ, ಅದೂ ಉಳಿಯುವ ಭರವಸೆ ಇದ್ದರೆ.

ಬೀದಿಯ ಹೆಂಗಸರಿಗೆ ಸುದ್ದಿ ಹೋಯಿತು. ಮೆಂಬರ ಹೆಂಡತಿ ಎಳನೀರಿನ ಅಭಿಷೇಕ ಮಾಡುತ್ತಾಳಂತೆ, ಅದಕ್ಕೇ ಮೈ ಕೈ ತುಂಬಿಕೊಂಡಿದ್ದಾಳಂತೆ. ಅವಳ ದೇವರಿಗೊಂದು, ನಮ್ಮ ದೇವರಿಗೊಂದೇ? ಮನೆಮನೆಯಲ್ಲೂ ಎಳನೀರಿನ ಪೂಜೆ ಶುರುವಾಯಿತು. ದೇವರಿಗೆಂದು ಕೇಳಿದರೆ ಗಂಡಸರು ಇಲ್ಲವೆನ್ನುವ ಹಾಗಿಲ್ಲ. ಪೂಜೆಯಾದ ಮೇಲೆ ಮಿಕ್ಕಿದ್ದನ್ನು ಮಕ್ಕಳು ಮರಿಗಳೆಲ್ಲ ಕುಡಿಯುತ್ತಾರೆ. ತಿಪ್ಪೆಗಳ ಮೇಲೆ ಎಳನೀರಿನ ಬುರುಡೆಗಳ ರಾಶಿ ಬಿತ್ತು. ಆ ಬೇಸಗೆ ಊರಲ್ಲಿ ಒಬ್ಬರಿಗೂ ಭೇದಿಯಾಗಲಿಲ್ಲ.

ಒಂದು ಸಂಜೆ ಮೇಲುಬೀದಿಯ ಗಂಡಸರೆಲ್ಲ ಚೇರ್ಮನ್ನರನ್ನು ಮುಂದಿಟ್ಟುಕೊಂಡು ನಮ್ಮ ಜಗಲಿಗೆ ಬಂದರು. ಸಾವಾದ ಮನೆಗೆ ಬರುವವರ ಹಾಗೆ ಮುಖ.

“ಏನ್ರೀ ಇದು” ಎಂದರು ಚೇರ್ಮನ್ನರು. “ಊರಿಗೆ ನೀರು ಕೊಡಿಸ್ತೀನಿ ಅಂತ ಹೊರಟೋರು ನಮ್ಮ ಮರಾನೇ ಬೋಳಿಸಿಬುಟ್ರಲ್ಲ. ಮುಂದಿನ ವರ್ಷ ಅಟ್ಟದ ಮ್ಯಾಲೆ ಏನು ಹಾಕೋದು, ಬೆಕ್ಕಾ?”

“ಜನ ಆರೋಗ್ಯವಾಗಿದಾರಲ್ಲ” ಎಂದೆ.

“ಆರೋಗ್ಯ ತಗೊಂಡು ಸಂತೇಲಿ ಮಾರಕ್ಕಾಗುತ್ತಾ? ಹೆಂಗಸರು ಆ ಬೋರಿನ ನೀರು ಒಪ್ಪಂಗೆ ಏನಾದ್ರೂ ಮಾಡ್ರೀ. ಮಠಕ್ಕೆ ಹೋಗಣ. ಸ್ವಾಮಿಗಳು ಹೇಳಿದ್ರೆ ಕೇಳ್ತಾರೆ.”

ಎರಡು ವರ್ಷ ನಾನು ಒಬ್ಬನೇ ತಿರುಗಿದ ಕೆಲಸಕ್ಕೆ ಮಾರನೆಯ ದಿನ ಒಂದು ಗಾಡಿ ತುಂಬ ಜನ ಹೊರಟರು. ಭೇದಿಗೆ ಹೆದರದ ಊರು ಕೊಬ್ಬರಿಗೆ ಹೆದರಿತ್ತು.

ಸ್ವಾಮಿಗಳ ಪಾದ

ಮಠದ ಸ್ವಾಮಿಗಳು ವಯಸ್ಸಾದವರು, ಮಾತು ಕಡಿಮೆ. ಚೇರ್ಮನ್ನರು ತೋಟದ ಕಷ್ಟವನ್ನೆಲ್ಲ ಹೇಳಿಕೊಂಡರು. ಸ್ವಾಮಿಗಳು ನನ್ನ ಕಡೆ ನೋಡಿ, “ನಿಮ್ಮದೇನು?” ಎಂದರು.

“ಎಳನೀರು ಇನ್ನೆಷ್ಟು ದಿನ ಬುದ್ಧಿ. ನಿಂತ ಮೇಲೆ ಅವಳು ಮತ್ತೆ ಕಲ್ಯಾಣಿಗೇ ಹೋಗ್ತಾಳೆ. ನನ್ನ ಹೆಂಡತಿ ಉಳೀಬೇಕು, ಅಷ್ಟೆ” ಎಂದೆ. ಅವರು, “ಬರ್ತೀವಿ, ನೋಡಣ” ಎಂದರು.

ಹೇಳಿದ ದಿನ ಮಠದ ಹಳೆಯ ಜೀಪಿನಲ್ಲಿ ಬಂದರು. ಗುಡಿಯ ಮುಂದೆ ಹಂದರ, ಪೂರ್ಣಕುಂಭ ಎಲ್ಲ ತಯಾರಿತ್ತು. ಸ್ವಾಮಿಗಳು ಸ್ಕೂಲಿನ ಹತ್ತಿರವೇ ಜೀಪು ನಿಲ್ಲಿಸಿ ಇಳಿದು, ನೆಟ್ಟಗೆ ಬೋರಿನ ಹತ್ತಿರ ನಡೆದರು. ಊರೆಲ್ಲ ಹಿಂದೆ ಓಡಿತು.

ಅಲ್ಲಿ ಕಾಲೋನಿಯ ಒಬ್ಬ ಹೆಂಗಸು ಬಿಂದಿಗೆ ತುಂಬುತ್ತಿದ್ದಳು. ಜನ ಬರುವುದನ್ನು ಕಂಡು ಬಿಂದಿಗೆ ಎತ್ತಿಕೊಂಡು ದೂರ ಸರಿಯತೊಡಗಿದಳು.

“ಯಾಕೆ ತಾಯಿ ಸರೀತೀಯ?” ಎಂದರು ಸ್ವಾಮಿಗಳು. “ಒತ್ತು. ಕಾಲು ತೊಳೀಬೇಕು.”

ಅವಳು ನಮ್ಮ ಬೀದಿಯ ಗಂಡಸರ ಮುಖ ನೋಡಿದಳು. ಸ್ವಾಮಿಗಳ ಎದುರಿಗೆ ಬಾಯಿ ತೆರೆಯುವವರು ಯಾರು? ನಾವೆಲ್ಲ ನೆಲ ನೋಡಿದೆವು. ಅವಳು ಒತ್ತಿದಳು. ಸ್ವಾಮಿಗಳು ನಿಧಾನವಾಗಿ ಎರಡೂ ಪಾದ ತೊಳೆದುಕೊಂಡರು. ಆಮೇಲೆ ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದರು. “ನೀರು ಸಿಹಿಯಾಗೈತೆ” ಎಂದರು.

ಎಲ್ಲ ಬಗೆಹರಿಯಿತು ಎಂದುಕೊಂಡೆ. ಸ್ವಾಮಿಗಳೇ ಕುಡಿದ ಮೇಲೆ ಇನ್ನೇನು? ನಿಜಕ್ಕೂ ಮೇಲುಬೀದಿಯ ಹೆಂಗಸರೆಲ್ಲ ಚೊಂಬು ಹಿಡಿದು ನುಗ್ಗಿದರು. ಆದರೆ ಪಂಪಿನ ಮೂತಿಯ ಕಡೆಗಲ್ಲ, ಕೆಳಗಿನ ಮೋರಿಯ ಕಡೆಗೆ. ಸ್ವಾಮಿಗಳ ಪಾದ ತೊಳೆದ ನೀರು ಅಲ್ಲಿ ಹರಿದು ನಿಂತಿತ್ತು, ಒಣಗಿದ ಎಲೆ, ಮಣ್ಣು, ಒಂದು ಬೀಡಿಯ ತುಂಡಿನ ಸಮೇತ. ಎಲ್ಲರಿಗಿಂತ ಮುಂದೆ ನನ್ನ ಹೆಂಡತಿ. ಬೀಡಿಯ ತುಂಡನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಚೊಂಬು ಮುಳುಗಿಸಿದಳು. ಕಲ್ಯಾಣಿಯೇ ವಾಸಿಯಾಗಿತ್ತಲ್ಲ ಶಿವನೇ ಎಂದುಕೊಂಡೆ.

“ಏನು ತುಂಬ್ಕೊಳ್ತಾ ಇದೀಯ ತಾಯಿ?” ಎಂದರು ಸ್ವಾಮಿಗಳು.

“ಪಾದೋದಕ ಬುದ್ಧಿ.”

“ಅದರಲ್ಲಿ ನಮ್ಮ ಕಾಲಿನ ಕೊಳೆ ಐತೆ.”

“ನಿಮ್ಮ ಪಾದದಲ್ಲಿ ಕೊಳೆ ಎಲ್ಲಿಂದ ಬತ್ತೈತೆ ಬುದ್ಧಿ?”

“ಮೇಲಿಂದ ಬೀಳ್ತಾ ಇರೋದೂ ಅದೇ ನೀರಲ್ವಾ? ಅದನ್ನ ಹಿಡ್ಕೋ.”

“ಅದಿನ್ನೂ ನಿಮ್ಮ ಪಾದ ಮುಟ್ಟಿಲ್ಲ ಬುದ್ಧಿ.”

ಸ್ವಾಮಿಗಳು 'ಹೂಂ' ಎಂದು ಕಣ್ಣು ಮುಚ್ಚಿದರು. ಶಾಸ್ತ್ರ ಓದಿದವರು, ಊರೂರು ಸುತ್ತಿದವರು. ಆ ಕ್ಷಣ ಅವರ ಮುಖದಲ್ಲಿ ಕಂಡ ಆಯಾಸ ಯಾವ ಪಂಚಾಯ್ತಿ ಮೆಂಬರ ಆಯಾಸಕ್ಕೂ ಕಡಿಮೆಯದಲ್ಲ. ಕಣ್ಣು ಬಿಟ್ಟು ಚೇರ್ಮನ್ನರನ್ನು ಕೇಳಿದರು. “ಈ ಕೊಳವೆ ಎಲ್ಲೀ ತನಕ ಹೋಗೈತೆ?”

“ಪಾತಾಳಕ್ಕೆ ಹೋಗೈತೆ ಬುದ್ಧಿ.”

“ಇಲ್ಲಿ ಇದನ್ನ ಮುಟ್ಟಿದ್ರೆ ಅಲ್ಲೀಗೆ ಮುಟ್ಟಿದಂಗೆ ಅಲ್ವಾ?”

ಅಲ್ಲ ಅನ್ನುವ ಧೈರ್ಯ ಯಾರಿಗಿತ್ತು? ಸ್ವಾಮಿಗಳು ಕಾವಿಯನ್ನು ಸ್ವಲ್ಪ ಮೇಲೆತ್ತಿಕೊಂಡರು. ಒಂದು ಕೈಯನ್ನು ನನ್ನ ಹೆಗಲ ಮೇಲೆ ಊರಿದರು. ಬಲಗಾಲನ್ನು ಕಷ್ಟಪಟ್ಟು ಎತ್ತಿ, ಒದ್ದೆ ಪಾದವನ್ನು ಪಂಪಿನ ಬುಡದ ಕಬ್ಬಿಣದ ಮೇಲೆ ಇಟ್ಟರು. ಹಾಗೇ ಒಂದು ಮಂತ್ರ ಹೇಳುವಷ್ಟು ಹೊತ್ತು ನಿಂತರು. ಅವರ ಮಂಡಿ ನಡುಗುವುದು ನನ್ನ ಹೆಗಲಿಗೆ ಗೊತ್ತಾಗುತ್ತಿತ್ತು.

“ಆಯ್ತು” ಎಂದು ಕಾಲು ಇಳಿಸಿದರು. “ಇನ್ನುಮೇಲೆ ಒಳಗಿರೋ ನೀರೆಲ್ಲ ಪಾದೋದಕ. ಆ ಮೋರೀದು ಚೆಲ್ಲು ತಾಯಿ.”

ಊರೆಲ್ಲ ಕೈಮುಗಿಯಿತು. ನನ್ನ ಹೆಂಡತಿ ಮಾತ್ರ ಚೊಂಬು ಹಿಡಿದುಕೊಂಡೇ ಯೋಚಿಸುತ್ತಿದ್ದಳು. “ಮಳೆ ಬಂದು ಹೊಸ ನೀರು ಇಳಿದ್ರೆ ಹೆಂಗೆ ಬುದ್ಧಿ?” ಎಂದಳು.

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಸ್ವಾಮಿಗಳು ಮೊದಲ ಸಲ ನಕ್ಕರು. “ಪ್ರಸಾದದ ಮೇಲೆ ಇನ್ನೊಂದು ಸೌಟು ಅನ್ನ ಬಡಿಸಿದ್ರೆ ಎಲ್ಲಾ ಪ್ರಸಾದವೇ ಆಗಲ್ವಾ ತಾಯಿ? ಹಂಗೇ ಇದು.”

ಅವಳಿಗೆ ಒಪ್ಪಿಗೆಯಾಯಿತು. ಚೊಂಬಿನ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದಳು. ಬಿಂದಿಗೆಯನ್ನು ಪಂಪಿನ ಮೂತಿಯ ಕೆಳಗೆ ಇಟ್ಟಳು. ಹಿಡಿ ಇನ್ನೂ ಕಾಲೋನಿಯ ಹೆಂಗಸಿನ ಕೈಯಲ್ಲೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಒತ್ತವ್ವ” ಎಂದಳು ನನ್ನ ಹೆಂಡತಿ.

ಆ ದಿನದಿಂದ ಮನೆಗೆ ಬೇರೆ ನೀರು ಬಂದಿಲ್ಲ. ಅವಳು ಗಟ್ಟಿಮುಟ್ಟಾಗಿದ್ದಾಳೆ, ಈಗ ನೆಂಟರ ಮನೆಗೆ ಹೋದರೂ ನಮ್ಮ ಬೋರಿನ ನೀರನ್ನೇ ಹೊತ್ತುಕೊಂಡು ಹೋಗುತ್ತಾಳೆ, ಹೊರುವವನು ನಾನು. ಸುದ್ದಿ ಸುತ್ತಮುತ್ತಲಿಗೆ ಹಬ್ಬಿತು. ತುರುವೇಕೆರೆ ಕಡೆಯಿಂದಲೂ, ಚಿಕ್ಕನಾಯಕನಹಳ್ಳಿ ಕಡೆಯಿಂದಲೂ ಜನ ಮಠಕ್ಕೆ ಬಂದು, ನಮ್ಮೂರ ಬೋರಿಗೂ ಒಂದು ಪಾದ ಇಡಬೇಕು ಬುದ್ಧಿ ಎಂದು ಸಾಲು ನಿಂತರು. ಬೋರು ಕೊರೆಸುವ ಇಂಜಿನಿಯರು ಕೂಡ, ಲಾರಿ ಯಾವತ್ತು, ಪಂಪು ಯಾವತ್ತು ಎಂದು ಗೊತ್ತುಮಾಡುವಾಗಲೇ ಸ್ವಾಮಿಗಳು ಯಾವತ್ತು ಎಂದು ಕೇಳಿಕೊಂಡು ಬಿಡುತ್ತಿದ್ದರು. ಹೋದ ಸಲ ದರ್ಶನಕ್ಕೆ ಹೋದಾಗ ಸ್ವಾಮಿಗಳು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತಿದ್ದರು. “ಮೊದಲು ಭಕ್ತರು ನಮ್ಮನ್ನ ಮಾತಿಗೆ ಕರೀತಿದ್ರು” ಎಂದರು. “ಈಗ ಮಾತು ಬೇಡವಂತೆ, ಕಾಲು ಸಾಕಂತೆ.”

ಓದಿದವರು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಊರಿಗೆ ಒಳ್ಳೆಯದು ಮಾಡಲು ಹೊರಟವರು ಯಾರಾದರೂ ಸಿಕ್ಕರೆ ಕೂರಿಸಿಕೊಂಡು ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ. ಮಠ ಯಾವುದೆಂದು ಕೇಳಿದರೆ ಮಾತ್ರ ಗೊತ್ತಿಲ್ಲ ಅನ್ನಿ. ಆ ಮಂಡಿ ಇನ್ನು ಜಾಸ್ತಿ ಬೋರುಗಳಿಗೆ ತಡೆಯುವುದಿಲ್ಲ.